ರಕ್ತದ ಕ್ಯಾನ್ಸರ್ ಮತ್ತು ತಾಯ್ತನ: ಗುಳಿಗೆ ನಿಲ್ಲಿಸುವ ಮುನ್ನ ತಿಳಿಯಬೇಕಾದದ್ದು

ಮದುವೆಯಾಗಿ ಎರಡು ವರ್ಷ ಕಳೆದರೆ ಸಾಕು, ನಮ್ಮ ಸೀಮೆಯ ಮನೆಗಳಲ್ಲಿ ಸೊಸೆಯ ಮಡಿಲು ತುಂಬಲಿಲ್ಲವೆಂಬ ಮಾತು ಮೊದಲಾಗುತ್ತದೆ. ಆಕೆಗೆ ರಕ್ತದ ಕ್ಯಾನ್ಸರ್ ಇದೆಯೆಂದು ತಿಳಿದರಂತೂ ಆ ಮಾತು ಎರಡು ತುದಿಗೆ ಹೋಗುತ್ತದೆ. ‘ಇನ್ನು ಮಕ್ಕಳ ಆಸೆ ಬಿಡಬೇಕು’ ಎನ್ನುವವರು ಕೆಲವರು. ‘ಗುಳಿಗೆ ಬಿಟ್ಟರೆ ಗರ್ಭ ನಿಲ್ಲುತ್ತದೆ’ ಎನ್ನುವವರು ಕೆಲವರು. ಎರಡೂ ತಪ್ಪು ತಿಳಿವಳಿಕೆಯೇ. ಮೊದಲನೆಯದು ಹೆಣ್ಣುಮಗಳ ಆಸೆಯನ್ನು ಕಸಿಯುತ್ತದೆ, ಎರಡನೆಯದು ಆಕೆಯ ಪ್ರಾಣಕ್ಕೇ ಎರವಾಗಬಹುದು. ಬಳ್ಳಾರಿ ನಗರ, ಸಿರುಗುಪ್ಪ ಹಾಗೂ ಕುರುಗೋಡು ಭಾಗದ ಸದ್ಭಕ್ತರ ಮನೆಗಳಿಗೆ ಉಪಯೋಗವಾಗಲೆಂದು ಈ ವಿಷಯವನ್ನು ಈ ತಿಂಗಳು ಎತ್ತಿಕೊಂಡಿದ್ದೇವೆ.

ಯಾವ ಕಾಯಿಲೆ?

ರಕ್ತದ ಕ್ಯಾನ್ಸರಿನಲ್ಲಿ ಹಲವು ಬಗೆಗಳಿವೆ. ನಾವಿಲ್ಲಿ ಹೇಳುತ್ತಿರುವುದು ನಿಧಾನವಾಗಿ ಬೆಳೆಯುವ ‘ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ’ ಕುರಿತು. ಆಸ್ಪತ್ರೆಗಳಲ್ಲಿ ಇದನ್ನು ಸಿ.ಎಂ.ಎಲ್. ಎನ್ನುತ್ತಾರೆ. ಅಸ್ಥಿಮಜ್ಜೆಯ ಕಣವೊಂದರಲ್ಲಿ ಎರಡು ವರ್ಣತಂತುಗಳ ತುಂಡುಗಳು ಅದಲುಬದಲಾಗಿ, ಬಿಳಿ ರಕ್ತಕಣಗಳು ಮಿತಿಮೀರಿ ಹುಟ್ಟುವುದೇ ಈ ಕಾಯಿಲೆ. ಈ ವಿಕೃತ ವರ್ಣತಂತುವನ್ನು 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಸಂಶೋಧಕರು ಗುರುತಿಸಿದರು. ಪಾಶ್ಚಾತ್ಯ ದೇಶಗಳಲ್ಲಿ ಇದು ಹೆಚ್ಚಾಗಿ ಇಳಿವಯಸ್ಸಿನವರಿಗೆ ಬರುತ್ತದೆ. ನಮ್ಮ ದೇಶದಲ್ಲಿ ಮೂವತ್ತು, ನಲವತ್ತರ ಹರೆಯದವರಲ್ಲೂ ಬಹಳವಾಗಿ ಕಾಣುತ್ತದೆ. ಆದ್ದರಿಂದಲೇ ತಾಯ್ತನದ ಪ್ರಶ್ನೆ ನಮ್ಮಲ್ಲಿ ದೊಡ್ಡದು.

ಈ ದೋಷ ಹುಟ್ಟಿದ ಮೇಲೆ ಬರುವಂಥದು, ವಂಶದಿಂದ ಬರುವಂಥದಲ್ಲ. ತಾಯಿಯಿಂದ ಮಗುವಿಗೆ ಇಳಿಯುವುದಿಲ್ಲ. ಜೊತೆಯಲ್ಲಿ ಉಣ್ಣುವುದರಿಂದ, ಮುಟ್ಟುವುದರಿಂದ, ದಾಂಪತ್ಯದಿಂದ ಅಂಟುವುದೂ ಇಲ್ಲ. ಈ ಕಾರಣ ಮುಂದಿಟ್ಟು ಸೊಸೆಯನ್ನು ತವರಿಗೆ ಕಳಿಸುವುದು ಅಜ್ಞಾನವೂ ಹೌದು, ಅನ್ಯಾಯವೂ ಹೌದು.

ಗುಳಿಗೆ ತಂದ ಬದಲಾವಣೆ

2001ರಲ್ಲಿ ಇಮ್ಯಾಟಿನಿಬ್ ಎಂಬ ಗುಳಿಗೆ ಬಳಕೆಗೆ ಬಂದ ಮೇಲೆ ಸಿ.ಎಂ.ಎಲ್. ಇರುವವರು ದೀರ್ಘಕಾಲ ಬದುಕುವಂತಾಯಿತು. ಗ್ಲಿವೆಕ್ ಹೆಸರಿನ ಮೂಲ ಔಷಧಕ್ಕೆ ತಿಂಗಳಿಗೆ ಲಕ್ಷ ರೂಪಾಯಿಗೂ ಮಿಕ್ಕಿ ಬೆಲೆಯಿತ್ತು. ಅದರ ಪೇಟೆಂಟ್ ಕೋರಿಕೆಯನ್ನು 2013ರ ಏಪ್ರಿಲ್ 1ರಂದು ನಮ್ಮ ಸುಪ್ರೀಂ ಕೋರ್ಟ್ ತಿರಸ್ಕರಿಸಿದ್ದರಿಂದ, ಹೈದರಾಬಾದಿನ ನ್ಯಾಟ್ಕೊದಂತಹ ದೇಶೀ ಕಂಪನಿಗಳ ಅಗ್ಗದ ಗುಳಿಗೆ ಬಡವರಿಗೂ ಉಳಿಯಿತು. ಬದುಕು ಉಳಿದ ಮೇಲೆ ಮನೆ, ಮಕ್ಕಳ ಆಸೆ ಮೂಡುವುದು ಸಹಜವೇ.

ತೊಡಕಿರುವುದು ಇಲ್ಲಿ. ಕಾಯಿಲೆಯನ್ನು ಹಿಡಿದಿಡುವ ಅದೇ ಗುಳಿಗೆ ಗರ್ಭದ ಶಿಶುವಿಗೆ ಹಾನಿ ಮಾಡಬಲ್ಲದು. ಅಂಗಗಳು ರೂಪುಗೊಳ್ಳುವ ಮೊದಲ ಮೂರು ತಿಂಗಳು ಬಹಳ ಸೂಕ್ಷ್ಮ. 2008ರಲ್ಲಿ ಪ್ರಕಟವಾದ ವರದಿಯೊಂದು, ಗರ್ಭಾವಸ್ಥೆಯಲ್ಲಿ ಇಮ್ಯಾಟಿನಿಬ್ ಸೇವಿಸಿದ್ದ 180 ಮಹಿಳೆಯರನ್ನು ಕುರಿತದ್ದು. ಫಲಿತಾಂಶ ತಿಳಿದುಬಂದ 125 ಮಂದಿಯಲ್ಲಿ ಅರ್ಧದಷ್ಟು ತಾಯಂದಿರಿಗೆ ಆರೋಗ್ಯವಂತ ಮಕ್ಕಳು ಹುಟ್ಟಿದವು. ಉಳಿದವರಲ್ಲಿ ಹಲವರು ಗರ್ಭ ತೆಗೆಸಿಕೊಂಡರು, ಕೆಲವರಿಗೆ ಗರ್ಭಪಾತವಾಯಿತು. ಒಟ್ಟು 12 ಶಿಶುಗಳಲ್ಲಿ ಅಂಗದೋಷ ಕಂಡುಬಂತು. ಡಸಾಟಿನಿಬ್‌ನಂತಹ ಗುಳಿಗೆಯಿಂದ ಕೊನೆಯ ತಿಂಗಳುಗಳಲ್ಲೂ ಅಪಾಯವಿದೆ.

ಯೋಜನೆ ಹೇಗೆ?

ಮಗು ಬೇಕೆಂದು ತೀರ್ಮಾನಿಸುವ ಬಹು ಮುಂಚೆಯೇ, ಸಾಧ್ಯವಾದರೆ ಚಿಕಿತ್ಸೆ ಆರಂಭವಾದಾಗಲೇ, ವೈದ್ಯರಿಗೆ ಆಸೆಯನ್ನು ತಿಳಿಸಬೇಕು. ಅಲ್ಲಿಯವರೆಗೆ ಗರ್ಭನಿರೋಧಕ ಬಳಸಬೇಕು. ಬಿ.ಸಿ.ಆರ್.-ಎ.ಬಿ.ಎಲ್. ಎಂಬ ರಕ್ತಪರೀಕ್ಷೆ ಕಾಯಿಲೆ ಎಷ್ಟು ಉಳಿದಿದೆಯೆಂದು ಹೇಳುತ್ತದೆ. ಆ ಪ್ರಮಾಣ ಶೇಕಡಾ 0.01ಕ್ಕಿಂತ ಕೆಳಗೆ ಎರಡು ವರ್ಷವಾದರೂ ಸ್ಥಿರವಾಗಿ ನಿಂತಿದ್ದರೆ, ವೈದ್ಯರ ನಿಗಾದಲ್ಲಿ ಗುಳಿಗೆ ನಿಲ್ಲಿಸಿ ಗರ್ಭಧಾರಣೆಗೆ ಪ್ರಯತ್ನಿಸುವ ಅವಕಾಶವಿದೆ. ಹೀಗೆ ನಿಲ್ಲಿಸಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಕಾಯಿಲೆ ಮರಳುತ್ತದೆ, ಅದೂ ಬಹುಮಟ್ಟಿಗೆ ಮೊದಲ ಆರು ತಿಂಗಳಲ್ಲಿ. ತಿಂಗಳು ತಿಂಗಳು ಪರೀಕ್ಷೆ ತಪ್ಪದಿದ್ದರೆ ಅದು ಬೇಗ ತಿಳಿಯುತ್ತದೆ. ಗುಳಿಗೆ ಮತ್ತೆ ಆರಂಭಿಸಿದರೆ ಬಹುತೇಕ ಎಲ್ಲರಲ್ಲೂ ಹತೋಟಿಗೆ ಬರುತ್ತದೆ. ಪರೀಕ್ಷೆಯಿಲ್ಲದೆ ತಾವಾಗಿಯೇ ಬಿಟ್ಟವರಲ್ಲಿ ಮಾತ್ರ ಕಾಯಿಲೆ ತಿಳಿಯದಂತೆ ಬೆಳೆದು ತೀವ್ರ ಸ್ವರೂಪಕ್ಕೆ ತಿರುಗಬಹುದು.

ಗರ್ಭಿಣಿಯಾಗಿರುವಾಗ ಬಿಳಿಕಣಗಳು ಏರಿದರೂ ದಾರಿಗಳಿವೆ. ಅಲ್ಪ ಏರಿಕೆಯಾದರೆ ಕಾದು ನೋಡುತ್ತಾರೆ. ಹೆಚ್ಚಾದರೆ ಇಂಟರ್‌ಫೆರಾನ್ ಚುಚ್ಚುಮದ್ದು ಕೊಡುತ್ತಾರೆ, ಇಲ್ಲವೇ ಯಂತ್ರದ ಮೂಲಕ ಹೆಚ್ಚುವರಿ ಕಣಗಳನ್ನು ಬೇರ್ಪಡಿಸುತ್ತಾರೆ. ಹೆರಿಗೆಯ ನಂತರ ಗುಳಿಗೆ ಮತ್ತೆ ಶುರುವಾದರೆ ಎದೆಹಾಲು ಕೊಡಬಾರದು, ಏಕೆಂದರೆ ಔಷಧ ಹಾಲಿಗೆ ಸೇರುತ್ತದೆ.

ಗರ್ಭ ನಿಲ್ಲುವುದು ತಡವಾಗುತ್ತಿದ್ದರೆ ಬಂಜೆತನದ ಚಿಕಿತ್ಸೆಯನ್ನೂ ರಕ್ತರೋಗ ತಜ್ಞರೊಂದಿಗೆ ಮಾತಾಡಿಕೊಂಡೇ ಮಾಡಿಸಬೇಕು. ಅಂಡ ಅಥವಾ ಭ್ರೂಣವನ್ನು ಮೊದಲೇ ಶೇಖರಿಸಿಡುವುದರಿಂದ, ಗುಳಿಗೆ ಬಿಟ್ಟು ಗರ್ಭಕ್ಕಾಗಿ ಕಾಯುವ ಅವಧಿಯನ್ನು ಮೊಟಕುಗೊಳಿಸಬಹುದು. ಅಸ್ಥಿಮಜ್ಜೆ ಕಸಿ ಬೇಕಾದವರಿಗಂತೂ ಇದು ಕಸಿಗೆ ಮೊದಲೇ ಆಗಬೇಕಾದ ಕೆಲಸ. 2021ರ ಕಾಯ್ದೆಯ ಪ್ರಕಾರ ಇಂಥ ಕೇಂದ್ರಗಳಿಗೆ ನೋಂದಣಿ ಕಡ್ಡಾಯ. ಅದನ್ನು ಕೇಳಿ ನೋಡಿರಿ.

ಗುಳಿಗೆ ನುಂಗುತ್ತಿರುವಾಗಲೇ ಗರ್ಭ ನಿಂತರೆ ಗಾಬರಿ ಬೇಡ, ಮುಚ್ಚಿಡುವುದೂ ಬೇಡ. ಅಂದೇ ವೈದ್ಯರನ್ನು ಕಂಡು, ಮುಂದಿನದನ್ನು ಅವರೊಂದಿಗೆ ಕೂತು ತೀರ್ಮಾನಿಸಬೇಕು.

ಪತಿಗೆ ಈ ಕಾಯಿಲೆಯಿದ್ದರೆ ನಿಯಮ ಬೇರೆ. ಇಮ್ಯಾಟಿನಿಬ್ ಸೇವಿಸುವ ಪುರುಷರು ಸಾಮಾನ್ಯವಾಗಿ ಗುಳಿಗೆ ಬಿಡದೆಯೇ ತಂದೆಯಾಗಬಹುದು. ಅವರೂ ಮೊದಲು ವೈದ್ಯರನ್ನು ಕೇಳಲಿ.

ನಮ್ಮ ಊರುಗಳಲ್ಲಿ

ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಾಗೂ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ನಮಗೆ ಆಸರೆ. ತಿಂಗಳ ಪರೀಕ್ಷೆಗೆ ಪ್ರತಿಸಲ ಬೆಂಗಳೂರಿಗೆ ಹೋಗಲೇಬೇಕೆ, ರಕ್ತದ ಮಾದರಿಯನ್ನು ಬಳ್ಳಾರಿಯಲ್ಲೇ ಕೊಡಬಹುದೆ ಎಂದು ಮೊದಲೇ ವಿಚಾರಿಸಿರಿ. ಖರ್ಚಿನ ವಿಷಯದಲ್ಲಿ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕೇಳಿರಿ. ಸಿರುಗುಪ್ಪದ ಗದ್ದೆಗಳಲ್ಲಿ ಭತ್ತದ ನಾಟಿ, ಕೊಯ್ಲು ಬಂದಾಗ ಪರೀಕ್ಷೆಯ ದಿನ ಮರೆತುಹೋಗುವುದು ಸುಲಭ. ಮನೆಯವರು ಅದನ್ನು ನೆನಪಿಡಬೇಕು. ಊರಿನ ಆಶಾ ಕಾರ್ಯಕರ್ತೆಗೆ ಕಾಯಿಲೆಯ ವಿಷಯ ತಿಳಿಸಿ, ತಾಯಿ ಕಾರ್ಡಿನಲ್ಲೂ ಬರೆಸಿರಿ. ಹೆರಿಗೆಯನ್ನು ದೊಡ್ಡ ಆಸ್ಪತ್ರೆಯಲ್ಲೇ ಮಾಡಿಸಿರಿ.

ಹರಕೆ ಹೊರುವವರು ಹೊರಲಿ. ಆದರೆ ಹರಕೆಗೆಂದು ಗುಳಿಗೆ ಬಿಡುವುದು ಬೇಡ. ಮಕ್ಕಳಾಗುವ ಔಷಧವೆಂದು ಯಾರೇ ಪುಡಿ, ಕಷಾಯ ಕೊಟ್ಟರೂ ವೈದ್ಯರಿಗೆ ತೋರಿಸದೆ ಸೇವಿಸಬಾರದು.

ಈ ಹಾದಿಯಲ್ಲಿ ಎಲ್ಲರಿಗೂ ಮಗು ಆಗಿಯೇ ತೀರುತ್ತದೆಂದು ನಾವು ಹೇಳುವುದಿಲ್ಲ. ತಾಯಿಯ ಪ್ರಾಣ ಮೊದಲು. ಅದನ್ನು ಕಾಯ್ದುಕೊಂಡು ಮಗುವನ್ನು ಪಡೆಯುವ ದಾರಿ ಇಂದು ಇದೆ. ಆದ್ದರಿಂದ ಅತ್ತೆಯಂದಿರಲ್ಲಿ ನಮ್ಮ ವಿನಂತಿ ಒಂದೇ: ಮುಂದಿನ ಬಾರಿ ಸೊಸೆ ಆಸ್ಪತ್ರೆಗೆ ಹೊರಟಾಗ ಮಗನನ್ನೂ ಜೊತೆಗೆ ಕಳಿಸಿರಿ, ಇಬ್ಬರೂ ಕೂಡಿ ವೈದ್ಯರನ್ನು ಕೇಳಿ ಬರಲಿ.