ಗ್ಯಾರೇಜ್ ಬ್ಯಾಂಡುಗಳು: ಪಾಠಾಂತರ ಮತ್ತು ಸ್ಮೃತಿ

ಜಾನಪದವೆಂದರೆ ಗ್ರಾಮೀಣರ ಸೃಷ್ಟಿಯೆಂಬ ಗ್ರಹಿಕೆ ನಮ್ಮ ಅಧ್ಯಯನಗಳಲ್ಲಿ ಬಹುಕಾಲ ಬೇರೂರಿತ್ತು. ಸಮಾನವಾದ ಒಂದಾದರೂ ಅಂಶದಿಂದ ಬೆಸೆದುಕೊಂಡ ಯಾವುದೇ ಸಮೂಹವೂ ಜನಪದವೇ ಎಂಬ ಅಲನ್ ಡಂಡೆಸ್ ಅವರ ನಿರೂಪಣೆ ಈ ಗಡಿಯನ್ನು ಸಡಿಲಿಸಿತು. ಈ ನೆಲೆಯಿಂದ 1960ರ ದಶಕದ ಅಮೆರಿಕದ ಹದಿಹರೆಯದವರ ಗ್ಯಾರೇಜ್ ಬ್ಯಾಂಡುಗಳನ್ನೂ ಅವುಗಳ ಸುತ್ತ ಬೆಳೆದ ನೆರೆಹೊರೆಯ ನೃತ್ಯಕೂಟಗಳನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1964ರ ಫೆಬ್ರವರಿ 9ರಂದು ಎಡ್ ಸಲ್ಲಿವನ್ ಅವರ ದೂರದರ್ಶನ ಕಾರ್ಯಕ್ರಮದಲ್ಲಿ ಬೀಟಲ್ಸ್ ತಂಡವನ್ನು ಸುಮಾರು 7 ಕೋಟಿ 30 ಲಕ್ಷ ಜನ ವೀಕ್ಷಿಸಿದರು. ಆ ಬಳಿಕ ಊರೂರಿನಲ್ಲೂ ಬಾಲಕರು ಗಿಟಾರು, ಡ್ರಮ್ಮುಗಳನ್ನು ಹಿಡಿದು ಮನೆಯ ಗ್ಯಾರೇಜಿನಲ್ಲಿ ಅಭ್ಯಾಸಕ್ಕೆ ತೊಡಗಿದರು. ಶಾಲೆಯ ವ್ಯಾಯಾಮಶಾಲೆ, ಚರ್ಚಿನ ನೆಲಮಾಳಿಗೆ, ನಿವೃತ್ತ ಯೋಧರ ಸಭಾಂಗಣಗಳಲ್ಲಿ ಕುಣಿಯುವವರಿಗಾಗಿ ನುಡಿಸಿದರು. ಸ್ವರಲಿಪಿಯ ನೆರವಿಲ್ಲದೆ, ಧ್ವನಿಮುದ್ರಿಕೆಯನ್ನು ಮತ್ತೆ ಮತ್ತೆ ಕೇಳಿ ಕಲಿಯುವುದೇ ಇವರಲ್ಲಿ ಹಲವರ ಕ್ರಮವಾಗಿತ್ತು.

ಈ ಶ್ರವಣ ಪರಂಪರೆಯ ಸ್ವರೂಪವನ್ನು 'ಲೂಯೀ ಲೂಯೀ' ಹಾಡು ಸ್ಪಷ್ಟಪಡಿಸುತ್ತದೆ. 1957ರಲ್ಲಿ ರಿಚರ್ಡ್ ಬೆರ್ರಿ ಬಿಡುಗಡೆ ಮಾಡಿದ ಈ ಹಾಡು 1961ರಲ್ಲಿ ಟಕೋಮಾ ನಗರದ ವೇಲರ್ಸ್ ವಾದ್ಯವೃಂದದೊಂದಿಗೆ ರಾಕಿನ್ ರಾಬಿನ್ ರಾಬರ್ಟ್ಸ್ ಅವರ ಕಂಠದಲ್ಲಿ ಹೊಸ ರೂಪ ತಳೆಯಿತು. 1963ರಲ್ಲಿ ಪೋರ್ಟ್‌ಲೆಂಡಿನಲ್ಲಿ ಕಿಂಗ್ಸ್‌ಮೆನ್ ತಂಡ ಅದನ್ನು ಮುದ್ರಿಸಿದಾಗ, ಗಿಟಾರ್ ವಾದನದ ನಂತರ ಗಾಯಕ ಜ್ಯಾಕ್ ಈಲಿ ಸಮಯಕ್ಕೆ ಮೊದಲೇ ಚರಣವನ್ನು ಎತ್ತಿಕೊಂಡು ತಟ್ಟನೆ ನಿಲ್ಲಿಸಿದರು. ಡ್ರಮ್ಮಿನ ಪೆಟ್ಟುಗಳು ಆ ತೆರವನ್ನು ತುಂಬಿದವು. ಮುಂದೆ ಹಲವು ತಂಡಗಳು ಈ ತಪ್ಪನ್ನೂ ಹಾಡಿನ ಅಂಗವೆಂದೇ ನುಡಿಸಿದವು. ಆಕಸ್ಮಿಕವಾದುದು ಸಂಪ್ರದಾಯವಾಗುವ ಈ ಬಗೆ ಜನಪದ ಗೀತೆಗಳ ಅಭ್ಯಾಸಿಗಳಿಗೆ ಅಪರಿಚಿತವಲ್ಲ.

ಈಲಿಯವರ ಅಸ್ಪಷ್ಟ ಉಚ್ಚಾರಣೆಯೂ ಪಾಠಾಂತರಗಳಿಗೆ ಎಡೆಮಾಡಿತು. ಹಾಡಿನಲ್ಲಿ ಅಶ್ಲೀಲ ಮಾತುಗಳಿವೆಯೆಂಬ ವದಂತಿ ಹಬ್ಬಿ, ಕಲ್ಪಿತ ಸಾಲುಗಳ ಪ್ರತಿಗಳು ವಿದ್ಯಾರ್ಥಿಗಳ ಕೈಯಿಂದ ಕೈಗೆ ಸಾಗಿದವು. 1964ರಲ್ಲಿ ತನಿಖೆಗಿಳಿದ ಎಫ್‌ಬಿಐ, ಯಾವ ವೇಗದಲ್ಲಿ ನುಡಿಸಿದರೂ ಪದಗಳು ತಿಳಿಯವೆಂಬ ನಿರ್ಣಯಕ್ಕೆ ಬಂದಿತು. ಆದರೆ ಆ ಪ್ರತಿಗಳು ಅದರ ಕಡತದಲ್ಲಿ ಉಳಿದವು. ಅಪರಾಧದ ಸಾಕ್ಷ್ಯವನ್ನು ಅರಸಿದ ಸಂಸ್ಥೆ ತನಗರಿವಿಲ್ಲದೆಯೇ ಜಾನಪದ ಸಂಗ್ರಾಹಕನ ಕೆಲಸ ಮಾಡಿತು.

1960ರ ದಶಕ ಮುಗಿಯುವಷ್ಟರಲ್ಲಿ ಕಾಲೇಜು ವ್ಯಾಸಂಗ, ವಿಯೆಟ್ನಾಂ ಯುದ್ಧದ ಕಡ್ಡಾಯ ಸೇನಾಭರ್ತಿ ಹಾಗೂ ಬದಲಾದ ಸಂಗೀತಾಭಿರುಚಿಗಳಿಂದ ಈ ತಂಡಗಳಲ್ಲಿ ಬಹುಪಾಲು ಚದುರಿಹೋದವು. 1972ರಲ್ಲಿ ಲೆನ್ನಿ ಕೇ ಸಂಕಲಿಸಿದ 'ನಗೆಟ್ಸ್' ಧ್ವನಿಮುದ್ರಿಕೆ ಇಂತಹ ಸಂಗೀತದತ್ತ ಮತ್ತೆ ಗಮನ ಸೆಳೆಯಿತು. ಆದರೆ ಧ್ವನಿಮುದ್ರಣ ಕಂಡ ತಂಡಗಳು ಮಾತ್ರ ಇಂತಹ ಸಂಕಲನಗಳಿಗೆ ದಕ್ಕುತ್ತವೆ. ಒಂದು ಊರಿನ ಸಭಾಂಗಣದಲ್ಲಿ ಮಾತ್ರ ಮೊಳಗಿ ಮರೆಯಾದ ತಂಡಗಳಿಗೂ, ಅಲ್ಲಿ ಕುಣಿದವರಿಗೂ, ವಿಶೇಷವಾಗಿ ಹುಡುಗಿಯರಿಗೂ, ನೆನಪೊಂದೇ ದಾಖಲೆ. 1964ರಲ್ಲಿ 16ರ ಹರೆಯದಲ್ಲಿದ್ದವರು ಇಂದು 75ನ್ನು ದಾಟಿದ್ದಾರೆ. ಧ್ವನಿಮುದ್ರಿಕೆ ಹಾಡಿದವರ ಪಾಠವನ್ನು ಉಳಿಸಿದೆ. ಕುಣಿದವರ ಪಾಠವನ್ನು ಅವರ ಬಾಯಿಂದಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಕ್ಷೇತ್ರಕಾರ್ಯಕ್ಕೆ ಉಳಿದಿರುವ ಅವಧಿ ದೀರ್ಘವಲ್ಲ.