ದೂರದ ಹಕ್ಕಿಗೆ ತಕ್ಕ ಐಪೀಸ್
ದೂರದರ್ಶಕದಲ್ಲಿ ಕಣ್ಣಿಟ್ಟು ನೋಡುವ ಮಸೂರವೇ ಐಪೀಸ್. ಮುಂದಿನ ಮಸೂರದ ಸಂಗಮದೂರವನ್ನು ಐಪೀಸಿನ ಸಂಗಮದೂರದಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ. 80 ಮಿ.ಮೀ. ವ್ಯಾಸ, 480 ಮಿ.ಮೀ. ಸಂಗಮದೂರದ ದೂರದರ್ಶಕಕ್ಕೆ 24 ಮಿ.ಮೀ. ಐಪೀಸ್ ಹಾಕಿದರೆ 20 ಪಟ್ಟು, 8 ಮಿ.ಮೀ. ಹಾಕಿದರೆ 60 ಪಟ್ಟು. ಹೆಚ್ಚು ಪಟ್ಟಿನ ಆಸೆ ಇಲ್ಲಿ ಕೈಕೊಡುತ್ತದೆ. 20ರಿಂದ 60 ಪಟ್ಟಿಗೆ ಏರಿದರೆ, ಕಣ್ಣಿಗೆ ಬರುವ ಬೆಳಕಿನ ಕಿರಣಪುಂಜದ ಅಗಲ 4 ಮಿ.ಮೀ.ನಿಂದ ಸುಮಾರು 1.3ಕ್ಕೆ ಇಳಿದು ಚಿತ್ರ ಮಂಕಾಗುತ್ತದೆ, ನೋಟದ ಹರವು ಕಿರಿದಾಗಿ ಹಾರುವ ಹಕ್ಕಿ ತಪ್ಪಿಹೋಗುತ್ತದೆ. ಬಿಸಿಲೇರಿದ ಮೇಲಂತೂ ಕಾದ ತಾರಸಿಗಳ ಮೇಲಿನ ಗಾಳಿ ಕದಲಿ, ಕೆರೆಯಾಚೆಯ ಬೆಳ್ಳಕ್ಕಿಯ ಗರಿಗಳೆಲ್ಲ ಕಲಸಿಹೋಗುತ್ತವೆ. ಮನೆಯಿಂದ ನೋಡುವವರಿಗೆ 20ರಿಂದ 30 ಪಟ್ಟಿನ, ಅಗಲ ನೋಟದ ಐಪೀಸೇ ಮೊದಲ ಆಯ್ಕೆ. ಕನ್ನಡಕ ಧರಿಸುವವರಿಗೆ, ಕಣ್ಣು ಮಸೂರದಿಂದ 15 ಮಿ.ಮೀ. ದೂರವಿದ್ದರೂ ಇಡೀ ದೃಶ್ಯ ತೋರುವಂಥದ್ದು ಬೇಕು. ಕಿಟಕಿಯ ಗಾಜನ್ನು ತೆರೆದೇ ನೋಡಬೇಕು.