ಸೂರಿನಡಿಯ ಕಣಜದ ಗೂಡು

ಪ್ರಶ್ನೆ: ಮನೆಯಲ್ಲಿ ಕಣಜ ಗೂಡು ಕಟ್ಟಿದರೆ ತೆಗೆಯಲೇಬೇಕೆ? ಕುಟುಕಿದರೆ ಏನು ಮಾಡಬೇಕು?

ಉತ್ತರ: ಗೂಡು ಯಾವ ಜಾತಿಯದೆಂಬುದನ್ನು ಮೊದಲು ಗಮನಿಸಬೇಕು. ಗೋಡೆಯ ಮೂಲೆಯಲ್ಲಿ ಹಸಿಮಣ್ಣಿನಿಂದ ಗೂಡು ಕಟ್ಟಿ, ಮರಿಗಳ ಆಹಾರಕ್ಕಾಗಿ ಜೇಡ ಅಥವಾ ಕಂಬಳಿಹುಳುಗಳನ್ನು ತುಂಬಿಡುವ ಕಣಜವು ಒಂಟಿಜೀವಿಯಾಗಿದ್ದು, ಕೈಯಲ್ಲಿ ಹಿಡಿದು ಅದುಮಿದ ಹೊರತು ಕುಟುಕುವುದು ಅಪರೂಪವಾದ್ದರಿಂದ, ಅದನ್ನು ಹಾಗೆಯೇ ಬಿಡುವುದು ಲೇಸು. ಮರದ ನಾರನ್ನು ಅಗಿದು ಕಾಗದದಂಥ ಗೂಡು ಕಟ್ಟುವ ಸಂಘಜೀವಿ ಕಣಜಗಳು ಮಾತ್ರ ಗೂಡಿನ ರಕ್ಷಣೆಗಾಗಿ ದಾಳಿ ಮಾಡುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ದಶಕಗಳ ಕಾಲ ಅಧ್ಯಯನ ಮಾಡಿದ ರೋಪಲಿಡಿಯಾ ಮಾರ್ಜಿನೇಟಾ ಈ ಗುಂಪಿನದು. ಕಪ್ಪು ಮೈಗೆ ಹಳದಿ ಪಟ್ಟೆಯುಳ್ಳ ದೊಡ್ಡ ಕಡಜಗಳು ಇವುಗಳಿಗಿಂತ ಬಹಳ ಅಪಾಯಕಾರಿ.

ಕುಟುಕುವುದು ಹೆಣ್ಣು ಮಾತ್ರ. ಜೇನುನೊಣದಂತೆ ಕೊಂಡಿಯನ್ನು ಚರ್ಮದಲ್ಲೇ ಕಳೆದುಕೊಳ್ಳದ ಕಾರಣ ಒಂದೇ ಕಣಜ ಹಲವು ಬಾರಿ ಕುಟುಕಬಲ್ಲದು. ಕಡಜದ ವಿಷದಲ್ಲಿ ಸಂಗಾತಿಗಳನ್ನು ಕೆರಳಿಸುವ ಎಚ್ಚರಿಕೆಯ ವಾಸನೆಯೂ ಇರುವುದರಿಂದ, ಗೂಡಿನ ಬಳಿ ಕಡಜವನ್ನು ಹೊಡೆದು ಸಾಯಿಸುವುದು ಉಳಿದವನ್ನು ಕರೆದಂತೆ. ಗೂಡಿಗೆ ಕಲ್ಲೆಸೆಯುವುದೂ ಸೀಮೆಎಣ್ಣೆಯ ಪಂಜು ಹಿಡಿಯುವುದೂ ಶುದ್ಧ ಅವಿವೇಕ. ಓಡಾಡುವ ಹಾದಿಯಲ್ಲಿ ಗೂಡಿದ್ದರೆ ಪರಿಣತರಿಂದಲೇ ತೆಗೆಸಬೇಕು. ತೋಟದಲ್ಲಿ ಕೆಲಸ ಮಾಡುವವರು ಪೊದೆಯನ್ನು ಸವರುವ ಮುನ್ನ ಅದರೊಳಗೆ ಕಣ್ಣಾಡಿಸುವುದು, ದಾಳಿಯಾದರೆ ಮುಖ ಮುಚ್ಚಿಕೊಂಡು ದೂರ ಓಡುವುದು ಕ್ಷೇಮ.

ಕುಟುಕಿದ ಜಾಗವನ್ನು ಸಾಬೂನಿನಿಂದ ತೊಳೆದು ತಣ್ಣನೆಯ ಬಟ್ಟೆಯನ್ನು ಒತ್ತಿದರೆ ಸಾಮಾನ್ಯ ಊತ ಇಳಿಯುತ್ತದೆ. ಆದರೆ ಉಸಿರು ಕಟ್ಟಿದರೆ, ನಾಲಿಗೆ ಅಥವಾ ಗಂಟಲು ಊದಿದರೆ, ತಲೆ ಸುತ್ತಿದರೆ ಅದು ಅನಾಫಿಲ್ಯಾಕ್ಸಿಸ್, ಅಂದರೆ ಇಡೀ ದೇಹವನ್ನು ಆವರಿಸುವ ತೀವ್ರ ಅಲರ್ಜಿ. ಅದಕ್ಕೆ ಅಡ್ರಿನಲಿನ್ ಚುಚ್ಚುಮದ್ದೇ ಮುಖ್ಯ ಚಿಕಿತ್ಸೆಯಾದ್ದರಿಂದ ಮನೆಮದ್ದಿನಲ್ಲಿ ಕಾಲ ಕಳೆಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.